ಮೂರನೇ ಗುಂಡಿಯ ಪತ್ತೆಗಾಗಿ ಮೊದಲನೇ ಕಂತನ್ನು ಮತ್ತೆ ನೋಡುವ ಬಗ್ಗೆ

ಉಡುಪು ಇಲಾಖೆ, ಹೊಲಿಗೆ ಶಾಖೆ
ಸಂಖ್ಯೆ: ಉಇ/ಹೊಶಾ/ಕೋಟು/ಗುಂಡಿ-3/ಮರು/ಮರು/ಮರು

ಸುತ್ತೋಲೆ

ವಿಷಯ: ಗೂಢಚಾರಿ ಧಾರಾವಾಹಿಯ ಮೊದಲನೇ ಕಂತನ್ನು ಶಾಖೆಯ ಸಮಸ್ತರೂ ಇನ್ನೊಮ್ಮೆ ಕೂತು ನೋಡುವ ಬಗ್ಗೆ.

ಉಲ್ಲೇಖ: 1) ಸದರಿ ಕಂತನ್ನು ನೋಡುವಂತೆ ಹೊರಡಿಸಿದ ಸುತ್ತೋಲೆ.
2) ಯಾರೂ ನೆಟ್ಟಗೆ ನೋಡಲಿಲ್ಲವೆಂದು ಹೊರಡಿಸಿದ ಸುತ್ತೋಲೆ.
3) ಇಸ್ತ್ರಿ ಮಾವನವರ ಮೌಖಿಕ ಗೋಳು.

ಪ್ರಸ್ತಾವನೆ:

ಟಿವಿಯಲ್ಲಿ ಬರುತ್ತಿರುವ ಗೂಢಚಾರಿ ಧಾರಾವಾಹಿಯ ನಾಯಕನಿಗೆ ಉದ್ದನೆಯ ಕಪ್ಪು ಕೋಟನ್ನು ಹೊಲಿದುಕೊಟ್ಟಿರುವುದು ಈ ಶಾಖೆಯೇ. ಕಥೆ ಪರಮ ಗುಟ್ಟಿನದಾದ್ದರಿಂದ ಶಾಖೆಗೆ ಕಥೆ ತಿಳಿಸದೆ ಬರೀ ಅಳತೆ ಕಳುಹಿಸಲಾಗಿತ್ತು. ಸೊಂಟದ ಅಳತೆಯನ್ನಂತೂ ಸಂಕೇತ ಭಾಷೆಯಲ್ಲಿ ಬರೆದಿದ್ದರಿಂದ ಮೊದಲು ಹೊಲಿದ ಕೋಟು ಒಂಟೆಗೂ ದೊಗಳೆಯಾಗಿ, ಸದ್ಯ ಇಲಾಖೆಯ ಜೀಪಿಗೆ ಹೊದಿಸಲಾಗಿದೆ. ಎರಡನೆಯದು ಸರಿಹೋಗಿದೆ.

ಮೊದಲನೇ ಕಂತಿನಲ್ಲಿ ನಾಯಕನು ರೈಲು ನಿಲ್ದಾಣದೊಳಗೆ ಬರುವಾಗ ಕೋಟಿನ ಮೇಲೆ ಐದು ಗುಂಡಿಗಳಿದ್ದು, ಹೊರಗೆ ಹೋಗುವಾಗ ನಾಲ್ಕೇ ಇವೆ. ಮೂರನೆಯದು ಕಾಣೆಯಾಗಿದೆ. ಇದನ್ನು ಊರೆಲ್ಲ ನೋಡಿದ್ದು, ಶಾಖೆಯ ಮಾನ ಮೂರು ಕಾಸಿಗೆ ಹೋಗಿದೆ.

ಗುಂಡಿ ಹೊಲಿದವರು ಕಾಜಾ-ಗುಂಡಿ ವಿಭಾಗದ ಹಿರಿಯರಾದ, ಶಾಖೆಯವರೆಲ್ಲ ಅತ್ತೆ ಎಂದೇ ಕರೆಯುವ ಕೆಲಸಗಾರ್ತಿ. ಅವರ ಸೂಜಿ ಡಬ್ಬಿಯನ್ನು ವಶಪಡಿಸಿಕೊಂಡು, ವಿಚಾರಣೆ ಮುಗಿಯುವವರೆಗೆ ಅವರನ್ನು ಚಿಂದಿ ಆರಿಸಲು ಕೂರಿಸಲಾಗಿದೆ. ತಪ್ಪು ರುಜುವಾತಾದಲ್ಲಿ ಅವರನ್ನು ಪರದೆ ವಿಭಾಗಕ್ಕೆ ವರ್ಗಾಯಿಸಲಾಗುವುದು. ಪರದೆಗಳಿಗೆ ಗುಂಡಿ ಇರುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಗ್ಗೆ ಅತ್ತೆಯವರು, “ನಾನು ಹೊಲಿದ ಗುಂಡಿ ತಾನಾಗಿ ಬಿತ್ತು ಅಂತಾದ್ರೆ ನಾನೇ ಆ ಪರದೆ ಹೊದ್ಕೊಂಡು ಮನೆಗೆ ಹೋಗ್ತೀನಿ” ಎಂದಷ್ಟೇ ಹೇಳಿಕೆ ನೀಡಿ ಬಾಯಿಗೆ ಹೊಲಿಗೆ ಹಾಕಿಕೊಂಡಿರುತ್ತಾರೆ. ಹೊದೆಯಲು ಪರದೆ ಮಂಜೂರು ಮಾಡುವ ಪದ್ಧತಿ ಇಲಾಖೆಯಲ್ಲಿಲ್ಲ.

ಆದುದರಿಂದ ಈ ಮೂಲಕ ಎಲ್ಲರಿಗೂ ಸೂಚಿಸುವುದೇನೆಂದರೆ:

1. ಇಂದು ಮಧ್ಯಾಹ್ನದ ಊಟಕ್ಕೆ ಮುಂಚೆ ಕತ್ತರಿ ಮೇಜಿನ ಮೇಲೆ ಟಿವಿ ಇಟ್ಟು ಮೊದಲನೇ ಕಂತನ್ನು ಮತ್ತೆ ನೋಡಲಾಗುವುದು. ಈ ಸಲ ಕೊನೆಯ ಸಲ. ಕಳೆದ ಸಲವೂ ಹೀಗೇ ಹೇಳಲಾಗಿತ್ತು.

2. ಪ್ರತಿಯೊಬ್ಬರೂ ತಂತಮ್ಮ ವಿಭಾಗದ ಭಾಗವನ್ನು ಮಾತ್ರ ನೋಡತಕ್ಕದ್ದು. ಕಾಲರಿನವರು ಕಾಲರನ್ನು, ಜೇಬಿನವರು ಜೇಬನ್ನು, ತೋಳಿನವರು ಹೆಗಲಿನಿಂದ ಮಣಿಕಟ್ಟಿನವರೆಗೆ ನೋಡುವುದು. ಮಣಿಕಟ್ಟಿನಿಂದಾಚೆ ಕೈಗವಸು ವಿಭಾಗಕ್ಕೆ ಸೇರಿದ್ದು, ಆ ವಿಭಾಗ ಮುಚ್ಚಿಹೋಗಿರುವುದರಿಂದ ನಾಯಕನ ಕೈಗಳನ್ನು ಯಾರೂ ನೋಡತಕ್ಕದ್ದಲ್ಲ.

3. ನಾಯಕನ ಮುಖ ನೋಡಬೇಕೆನಿಸಿದವರು ಮುಂಚಿತವಾಗಿ ಅನುಮತಿ ಪಡೆಯುವುದು. “ಎಷ್ಟು ಚೆನ್ನಾಗಿದಾನೆ” ಎಂಬುದು ಸೂಕ್ತ ಕಾರಣವಲ್ಲ.

4. ಕಂತಿನಲ್ಲಿ ಏನೇನು ನಡೆಯಿತೆಂದು ಕಳೆದ ಸಲ ಕೇಳಿದ್ದಕ್ಕೆ ಕಾಲರಿನವರು ಕಾಲರು ಮಡಿಚಿಕೊಂಡಿತ್ತೆಂದೂ, ಅಂಚಿನವರು ಅಂಚು ನೆಲಕ್ಕೆ ತಾಗಿತೆಂದೂ ತಿಳಿಸಿದ್ದಾರೆ. ಅದರಲ್ಲಿ ಒಂದು ಕೊಲೆ ಆಗಿದೆಯೆಂಬುದು ಅಂಗಿಗೆ ರಕ್ತ ಅಂಟಿದ್ದನ್ನು ಕಂಡು ಒಗೆತದ ಅಕ್ಕನವರು “ತಣ್ಣೀರು, ತಣ್ಣೀರು” ಎಂದು ಎದ್ದು ಓಡಿದಾಗಲೇ ಶಾಖೆಯ ಗಮನಕ್ಕೆ ಬಂದಿರುತ್ತದೆ. ಈ ಸಲ ಬಕೆಟ್ಟನ್ನು ಮೊದಲೇ ತುಂಬಿಸಿಟ್ಟು ಸುಮ್ಮನೆ ಕೂರುವುದು.

5. ಕೋಟು ಮಳೆಯಲ್ಲಿ ನೆನೆಯುವ ದೃಶ್ಯ ಬರುವಾಗ ಇಸ್ತ್ರಿ ಮಾವನವರಿಗೆ ಹೊರಗೆ ಹೋಗಲು ಅನುಮತಿ ಇದೆ. ಅವರ ಅಳು ನಿಂತ ಮೇಲೆ ಒಳಗೆ ಕರೆತರುವುದು.

6. ನಾಯಕನು ರೈಲಿನ ಪಕ್ಕ ನಿಂತು ಎದೆ ಹಿಡಿದುಕೊಂಡು, ತಲೆ ಬಗ್ಗಿಸಿ, ಬಹಳ ಹೊತ್ತು ಒದ್ದಾಡುವುದು ಎದೆನೋವೆಂದು ಈಗಾಗಲೇ ತೀರ್ಮಾನಿಸಲಾಗಿದೆ. ಅದು ವೈದ್ಯರಿಗೆ ಸಂಬಂಧಪಟ್ಟ ವಿಷಯ. ಆ ಹೊತ್ತಿನಲ್ಲಿ ಬೇಕಾದವರು ನೀರು ಕುಡಿದು ಬರಬಹುದು.

7. ಎರಡನೇ ಕಂತನ್ನು ಊರೆಲ್ಲ ನೋಡಿ ಮುಗಿಸಿದ್ದರೂ, ಮೊದಲನೆಯದರ ವಿಚಾರಣೆ ಮುಗಿಯುವ ತನಕ ಶಾಖೆಯವರು ಅದನ್ನು ನೋಡತಕ್ಕದ್ದಲ್ಲ. ಮನೆಯಲ್ಲಿ ಹೆಂಡತಿ, ಗಂಡ, ಭಾವಮೈದುನ ಮುಂತಾದವರು ಕಥೆ ಹೇಳಲು ಬಾಯಿ ತೆರೆದಲ್ಲಿ ಹೊಲಿಗೆ ಯಂತ್ರದಂತೆ ಜೋರಾಗಿ ಸದ್ದು ಮಾಡುವುದು. ಜೇಬಿನ ಅಣ್ಣನವರು ಹೀಗೆ ಸದ್ದು ಮಾಡಿದ್ದಕ್ಕೆ ಪಕ್ಕದ ಮನೆಯವರು ಲಂಗ ತಂದುಕೊಟ್ಟಿದ್ದು, ಅದನ್ನು ಹೊಲಿದುಕೊಡಬೇಕಾಗಿ ಬಂದಿದೆ.

8. ಅತ್ತೆಯವರು ಟಿವಿಗೆ ಬೆನ್ನು ಹಾಕಿ ಕೂರತಕ್ಕದ್ದು.

(ಸಹಿ)
ಕಟಿಂಗ್ ಮಾಸ್ಟರ್ ಹಾಗೂ ಪ್ರಭಾರ ಶಾಖಾ ಮುಖ್ಯಸ್ಥ

ಸದರಿ ಸುತ್ತೋಲೆಗೆ ಅದೇ ದಿನ ಸಂಜೆ ಸೇರಿಸಿದ ತಿದ್ದುಪಡಿ

ಅ) ಮೇಲ್ಕಂಡಂತೆ ಮರುವೀಕ್ಷಣೆ ನಡೆದಿರುತ್ತದೆ. ಆರನೇ ಅಂಶದಲ್ಲಿನ ಎದೆನೋವಿನ ದೃಶ್ಯ ಬಂದಾಗ ಶಾಖೆಯ ಬಹುತೇಕರು ನೀರು ಕುಡಿಯಲು ಹೋಗಿದ್ದರು. ಅದೇ ಹೊತ್ತಿಗೆ ಈ ಕೆಳಗೆ ಸಹಿ ಮಾಡಿದವರ ತಾಯಿಯವರು ಊಟದ ಡಬ್ಬಿ ಹಿಡಿದು ಒಳಗೆ ಬಂದರು. ಅವರು ಯಾವ ವಿಭಾಗಕ್ಕೂ ಸೇರದವರಾದ್ದರಿಂದ ಟಿವಿಯಲ್ಲಿ ಬಂದದ್ದನ್ನೆಲ್ಲ ಲಂಗುಲಗಾಮಿಲ್ಲದೆ ನೋಡಿರುತ್ತಾರೆ. ನಾಯಕನ ಕೈಗಳನ್ನೂ ನೋಡಿರುತ್ತಾರೆ.

ಆ) ನೋಡಿ ಈ ಕೆಳಕಂಡಂತೆ ಹೇಳಿರುತ್ತಾರೆ: “ಎದೆನೋವಲ್ಲ ಕಣೋ ಮಗನೇ, ಗುಂಡಿ ಕೀಳ್ತಾ ಇದಾನೆ ಪಾಪ. ಬರ್ತಾ ಇಲ್ಲ. ನೋಡು, ಈಗ ಹಲ್ಲು ಹಾಕಿದ. ಇಷ್ಟು ಜನ ಕೂತು ಏನು ನೋಡ್ತಾ ಇದ್ರಿ?”

ಕೊನೆಯ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲಾಗುತ್ತಿದೆ.

ಇ) ನೀರು ಕುಡಿದು ಬಂದವರನ್ನೆಲ್ಲ ಕೂರಿಸಿ, ಕೈ ನೋಡಲು ತಾತ್ಕಾಲಿಕ ಅನುಮತಿ ನೀಡಿ, ಆ ದೃಶ್ಯವನ್ನು ಮತ್ತೆ ಹಾಕಲಾಯಿತು. ನಾಯಕನು ಮೂರನೇ ಗುಂಡಿಯನ್ನು ಬೆರಳಿನಿಂದ ಎಳೆದು, ತಿರುಚಿ, ಕಂಬಕ್ಕೆ ಕಾಲು ಕೊಟ್ಟು ಜಗ್ಗಿ, ಕಡೆಗೆ ಹಲ್ಲಿನಿಂದ ಕಚ್ಚಿ ಕಿತ್ತಿರುವುದು ಕಂಡುಬಂದಿದೆ. ಅಷ್ಟರಲ್ಲಿ ರೈಲು ಹೊರಟುಹೋಗಿದೆ.

ಈ) ಅದರಂತೆ ಎರಡನೇ ಕಂತಿನ ಮೇಲಿನ ನಿಷೇಧವನ್ನು ತೆರವುಗೊಳಿಸಿ, ಊಟ ಬಿಟ್ಟು ಅದನ್ನೂ ನೋಡಲಾಯಿತು. ಗುಂಡಿಯೊಳಗೆ ಶತ್ರುಗಳ ಕೋಟೆಯ ನಕ್ಷೆ ಇದ್ದು, ಅದನ್ನು ರೈಲಿನ ಕಿಟಕಿಯಲ್ಲಿದ್ದ ಹೆಂಗಸಿಗೆ ಕೊಡಬೇಕಾಗಿತ್ತು. ರೈಲು ತಪ್ಪಿದ್ದರಿಂದ ನಾಯಕ ಸೆರೆ ಸಿಕ್ಕಿದ್ದಾನೆ. ಅವನ ದೇಶ ಸೋತಿದೆ.

ಉ) ಈ ಬಗ್ಗೆ ಧಾರಾವಾಹಿಯವರನ್ನು ವಿಚಾರಿಸಲಾಗಿ, ಗುಂಡಿ ಚಿಟಿಕೆ ಹೊಡೆಯುವಷ್ಟರಲ್ಲಿ ಕಿತ್ತು ಬಂದು ನಾಯಕ ಗೆಲ್ಲಬೇಕೆಂದೇ ಕಥೆ ಇತ್ತೆಂದೂ, ಗುಂಡಿ ಜಪ್ಪಯ್ಯ ಎಂದರೂ ಬಾರದ ಕಾರಣ ಬೇರೆ ದಾರಿ ಕಾಣದೆ ಕಥೆಯನ್ನೇ ಬದಲಾಯಿಸಲಾಯಿತೆಂದೂ, ನಾಯಕನ ಎರಡು ಹಲ್ಲು ಅಲ್ಲಾಡುತ್ತಿವೆಯೆಂದೂ ತಿಳಿಸಿರುತ್ತಾರೆ.

ಊ) ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ ಆದೇಶಿಸುವುದೇನೆಂದರೆ, ಗುಂಡಿ ಸಡಿಲವಾಗಿ ಹೊಲಿದ ಆರೋಪದಿಂದ ಅತ್ತೆಯವರನ್ನು ಸಂಪೂರ್ಣ ಮುಕ್ತಗೊಳಿಸಲಾಗಿದೆ. ಗಟ್ಟಿಯಾಗಿ ಹೊಲಿದು ಒಂದು ದೇಶ ಬೀಳಿಸಿದ್ದು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಋ) ಸೂಜಿ ಡಬ್ಬಿಯನ್ನು ಎಲ್ಲರ ಎದುರು ಹಿಂದಿರುಗಿಸಲಾಯಿತು. ಇನ್ನು ಮುಂದೆ ಗೂಢಚಾರರ ಕೋಟಿಗೆ ಒಂದು ಗುಂಡಿಯನ್ನಾದರೂ ಸ್ವಲ್ಪ ಸಡಿಲ ಬಿಡಬೇಕೆಂದು ಅತ್ತೆಯವರಲ್ಲಿ ಕೋರಲಾಗಿ, ಅವರು ಸೂಜಿಗೆ ದಾರ ಪೋಣಿಸುತ್ತಾ, “ಸಡಿಲ ಹೊಲಿಯೋಕೆ ನಂಗೆ ಬರಲ್ಲ ಮಾಸ್ಟ್ರೇ. ಅದಕ್ಕೆ ಪರದೆಯವರನ್ನ ಕರೀರಿ” ಎಂದಿರುತ್ತಾರೆ. ಅದರಂತೆ ಕರೆಯಲಾಗಿದೆ.

(ಸಹಿ)
ಕಟಿಂಗ್ ಮಾಸ್ಟರ್ ಹಾಗೂ ಪ್ರಭಾರ ಶಾಖಾ ಮುಖ್ಯಸ್ಥ
(ಊಟ ಆಗಿರುವುದಿಲ್ಲ)

ಪ್ರತಿಗಳು:

1. ಸದರಿ ಗೂಢಚಾರರಿಗೆ, ಅವರಿರುವ ಸೆರೆಮನೆಯ ಮೂಲಕ. ಗುಂಡಿಯನ್ನು ನಕ್ಷೆ ತೆಗೆದು ಹಿಂದಿರುಗಿಸಲು ಕೋರಿದೆ.
2. ಗೆದ್ದ ದೇಶದವರಿಗೆ. ಕೋಟನ್ನು ಬಿಸಿನೀರಿನಲ್ಲಿ ಒಗೆಯಬಾರದೆಂಬ ಸೂಚನೆಯೊಂದಿಗೆ.
3. ಸೋತ ದೇಶದವರಿಗೆ, ಮಾಹಿತಿಗಾಗಿ.
4. ಇಸ್ತ್ರಿ ಮಾವನವರಿಗೆ. ಅವರು ಇನ್ನೂ ಹೊರಗೇ ಇದ್ದು, ಒಳಗೆ ಕರೆತರಲು ಮರೆತಿರುವುದರಿಂದ ಕಿಟಕಿಯ ಮೂಲಕ.
5. ತಾಯಿಯವರಿಗೆ, ತುಂಬಿದ ಡಬ್ಬಿಯ ಸಮೇತ. ಬೈಯಬಾರದೆಂದು ವಿನಂತಿ.
6. ಪರದೆ ವಿಭಾಗಕ್ಕೆ. ಅತ್ತೆಯವರಿಗೆಂದು ಒರೆಸಿ ಇಟ್ಟಿರುವ ಸ್ಟೂಲನ್ನು ಈ ಕೂಡಲೇ ವಾಪಸು ಕಳುಹಿಸುವುದು. ಅವರು ಬರುವುದಿಲ್ಲ.