ಮಾವನ ಎಡಗಿವಿಯ ಕಾವಲು

ನನಗೆ ಸಂಗೀತ ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ನಮ್ಮ ಖಾನಾಪುರದಲ್ಲಿ ಮುಕ್ಕಾಲುಪಾಲು ಮಂದಿಗೆ ಬರುವುದಿಲ್ಲ. ನಾಚಿಕೆಯಾಗುವುದು ನನಗೆ ಸುಮ್ಮನೆ ಕೂಡ್ರಲೂ ಬರುವುದಿಲ್ಲ ಎಂಬುದಕ್ಕೆ. ಇದನ್ನು ಮೊದಲು ಕಂಡುಹಿಡಿದವಳು ನಮ್ಮಜ್ಜಿ. “ಇಂವಾ ದೇವರ ಮನ್ಯಾಗ ಕೂತ್ರ ದೇವರಿಗೆ ಸೈತ ಒಂದು ತೂಕಡಿಕಿ ಬರೂದಿಲ್ಲ” ಎನ್ನುತ್ತಿದ್ದಳು. ಅಂಥವನನ್ನು ಹಾಡಿನ ಬೈಠಕ್ಕಿನಲ್ಲಿ ನಿಶ್ಶಬ್ದದ ಕಾವಲಿಗೆ ಕೂಡಿಸಿದವರು ನಮ್ಮ ಸೋದರಮಾವ. ಆಮೇಲೆ ಆದದ್ದರಲ್ಲಿ ತಪ್ಪು ಯಾರದೆಂದು ನೀವೇ ಹೇಳಬೇಕು.

ಮಾವ ಕನ್ನಡ ಸಾಲಿಯ ಮಾಸ್ತರರಾಗಿ ದುಡಿದು ಮನೆ ಸೇರಿದವರು. ಹರೆಯದಲ್ಲಿ ಬೆಳಗಾವಿಯ ಒಬ್ಬ ಮುದುಕ ಗುರುವಿನ ಹತ್ತಿರ ಆರು ವರ್ಷ ಹಾಡು ಕಲಿತಿದ್ದರು. ಗುರು ಕೊನೆಗೆ ಒಂದು ಬೆಳಗಿನ ರಾಗದ ಚೀಜನ್ನು, ಅಂದರೆ ಆ ರಾಗದಲ್ಲಿ ಕಟ್ಟಿದ ಹಾಡನ್ನು, ಹೇಳಿಕೊಡಲು ತೊಡಗಿ, ಅದರ ಮೊದಲರ್ಧ ಕೊಟ್ಟು, “ಉಳದರ್ಧ, ಅಂತರಾ, ಮುಂದಿನ ವರ್ಷ ಕೊಡತೇನಿ” ಎಂದರು. ಮುಂದಿನ ವರ್ಷ ಬರುವ ಮೊದಲು ತಾವೇ ಹೊರಟುಹೋದರು. ಗವಾಯಿಗಳು ಚೀಜನ್ನು ಕಾಯುವುದು ಅತ್ತೆಯಂದಿರು ಉಗ್ರಾಣದ ಕೀಲಿ ಕಾಯುವ ಹಾಗೆ. ಇನ್ನೊಬ್ಬರ ಹತ್ತಿರ ಹೋಗಿ “ನಿಮ್ಮ ಅಂತರಾ ಕೊಡ್ರಿ” ಎನ್ನುವುದೂ “ನಿಮ್ಮ ಮೂಗಿನ ನತ್ತು ಕೊಡ್ರಿ” ಎನ್ನುವುದೂ ಒಂದೇ. ಅವರು ಹಾಡುವಾಗ ಕಿವಿಯಿಂದ ಹಿಡಿದುಕೊಳ್ಳಬೇಕು, ಅಷ್ಟೆ. ಹೀಗಾಗಿ ಮಾವ ಮೂವತ್ತು ವರ್ಷಗಳಿಂದ ದಿನಾ ಮುಂಜಾನೆ ಹಿತ್ತಲ ಬಾವಿಕಟ್ಟೆಯ ಮೇಲೆ ಕೂತು ಅರ್ಧ ಚೀಜು ಹಾಡಿ, ಸೇತುವೆ ಮುರಿದಲ್ಲಿ ಗಾಡಿ ನಿಂತ ಹಾಗೆ ನಿಲ್ಲುತ್ತಿದ್ದರು. ಮಾಮಿ ಒಳಗಿನಿಂದ, “ಅರ್ಧಾ ಹಾಡಾತು, ಬರ್ರಿ, ಚಹಾ ಕುಡೀರಿ” ಎಂದು ಕೂಗುತ್ತಿದ್ದರು. ಚಿಕ್ಕವರಾದ ನಾವು ಲೋಕದ ಹಾಡುಗಳೆಲ್ಲ ಚಹಾದಲ್ಲಿಯೇ ಮುಗಿಯುತ್ತವೆಂದು ನಂಬಿದ್ದೆವು.

ಹೀಗಿರುವಾಗ ಆ ಚೀಜು ಪೂರ್ತಿ ಗೊತ್ತಿರುವ ಗಾಯಕಿ ಬಾಯಿಯೊಬ್ಬರು ಬೆಳಗಾವಿಗೆ ಬರುತ್ತಾರೆಂಬ ಸುದ್ದಿ ಬಂತು. ಅವರು ನಾಟಕ ಕಂಪನಿ ಬಿಟ್ಟು ಹೊರಬಂದವರು. ಯಾವ ಸಂಸ್ಥಾನದ ಸಂಬಳವೂ ಬೇಡವೆಂದು, ತಮ್ಮ ತಂಬೂರಿ ತಾವೇ ಹೊತ್ತುಕೊಂಡು ಊರೂರಿಗೆ ಹೋಗಿ ಹಾಡುತ್ತಿದ್ದರು. ಕ್ಯಾಂಪಿನಲ್ಲಿ ಗ್ರಾಮಫೋನು ಮಾರುವವನೊಬ್ಬ ತಟ್ಟೆಗೆ ಹಾಡಿರೆಂದು ಕೇಳಿದ್ದಕ್ಕೆ, “ನಿನ್ನ ತಟ್ಟೆ ಮೂರು ನಿಮಿಷಕ್ಕೆ ಮುಗೀತದ. ಅಷ್ಟರಾಗ ನನ್ನ ರಾಗ ಮಾರಿ ಸೈತ ತೊಳಕೊಳ್ಳೂದಿಲ್ಲ” ಎಂದಿದ್ದರಂತೆ. ಅಂದರೆ ಕೇಳಿದರೆ ಎದುರು ಕೂತೇ ಕೇಳಬೇಕು. ಅದರ ಮೇಲೆ, ಆ ಅಂತರಾವನ್ನು ಕಳ್ಳಗಿವಿಗಳ ಭಯಕ್ಕೆ ಒಂದೇ ಸಲ ಹೇಳಿ ಮುಗಿಸುವುದು ಅವರ ಪದ್ಧತಿ.

ರವಿವಾರ ನಸುಕಿನ ರೈಲಿನಲ್ಲಿ ಹೊರಟೆವು. ಮಾವ ದಾರಿಯಲ್ಲಿ ನನ್ನ ಕೈ ಹಿಡಿದು ಹೇಳಿದರು: “ವಾಸೂ, ನನ್ನ ಬಲಗಿವಿ ಹೋಗಿ ನಾಕು ವರ್ಷಾತು. ಉಳದದ್ದು ಎಡಗಿವಿ ಒಂದ. ಅದೂ ಈಗೀಗ ಮಂದ ಆಗಲಿಕ್ಕತ್ತದ. ಇದು ತಪ್ಪಿದ್ರ ಮತ್ತ ಕೇಳೂದು ಆಗೂದಿಲ್ಲ. ನೀ ನನ್ನ ಎಡಕ್ಕ ಕೂಡು. ಆ ಕಡೆ ಯಾರೂ ಪಿಟ್ಟ ಅನಬಾರದು.”

“ನಾ ಏನು ಮಾಡ್ಲಿ ಮಾಮಾ?”

“ಏನೂ ಮಾಡಬ್ಯಾಡ. ಸುಮ್ಮನ ಕೂಡು.”

ಮೊದಲಿನ ಮಾತೆಲ್ಲ ನೆನಪಿಟ್ಟುಕೊಂಡೆ. ಕೊನೆಯದೊಂದನ್ನು ಮರೆತೆ.

ಬೈಠಕ್ ರವಿವಾರ ಪೇಟೆಯ ವ್ಯಾಪಾರಿಯೊಬ್ಬರ ಮಹಡಿಯ ಮೇಲೆ. ಕೆಳಗೆ ಬೆಲ್ಲದ ಪೆಂಟಿಗಳು. ಮೇಲೆ ಜಮಖಾನೆ, ಲೋಡು, ನಡುವೆ ವೀಳ್ಯದ ತಬಕ. ಬಂದಿದ್ದ ಮಂದಿಯ ಬಗ್ಗೆ ಏನು ಹೇಳಲಿ! ನಮ್ಮ ಹಿಂದೆ ಇಬ್ಬರು ವಕೀಲರು ಯಾರದೋ ಮಗಳಿಗೆ ಗಂಡು ಹುಡುಕುತ್ತಿದ್ದರು. ಮೂಲೆಯಲ್ಲಿ ಒಬ್ಬ ರುಮಾಲಿನ ಗೃಹಸ್ಥರು ನಶ್ಯ ಏರಿಸಿ, ಸೀನಿ, ಪ್ರತಿ ಸೀನಿಗೂ “ಶಿವಾ!” ಎನ್ನುತ್ತಿದ್ದರು. ಬಾಯಿಯವರು ಇನ್ನೂ ತಂಬೂರಿಯ ಕಿವಿ ತಿರುಗಿಸಿ ಶ್ರುತಿ ಮಾಡುತ್ತಿದ್ದಾಗಲೇ ಬಾಗಿಲ ಹತ್ತಿರದ ಇನ್ನೊಬ್ಬರು “ಕ್ಯಾ ಬಾತ್ ಹೈ!” ಎಂದುಬಿಟ್ಟರು. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ಎಡಮಗ್ಗುಲಿಗೆ, ಅಂದರೆ ನನ್ನ ಕಾವಲಿನ ಸರಹದ್ದಿನಲ್ಲಿಯೇ, ಬಸವಂತಪ್ಪ ಎಂಬ ಮೆಣಸಿನಕಾಯಿ ಸಾವುಕಾರರು ಕೂತು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸತೊಡಗಿದರು. ಕಟಕ್.

“ಸಾವ್ಕಾರ್ರ, ಸ್ವಲ್ಪ ಸಾವಕಾಶ್ರಿ” ಎಂದೆ.

“ಅಡಕಿ ಬಿರುಸು ಐತಿ, ತಮ್ಮಾ. ನಾ ಮೆತ್ತಗ ಅದೀನಿ” ಎಂದು ಇಷ್ಟು ಚೂರು ನನ್ನ ಕೈಗೂ ಹಾಕಿದರು.

ಅಷ್ಟರಲ್ಲಿ ಬಾಯಿಯವರು ಸ್ವರ ಹಚ್ಚಿದರು.

ಇಲ್ಲಿ ನನ್ನ ಹಾಸ್ಯ ಕೈಕೊಡುತ್ತದೆ. ಚಿಕ್ಕವನಿದ್ದಾಗ ಹಲಸಿಯ ಹಳೆಯ ಗುಡಿಯಲ್ಲಿ ಒಮ್ಮೆ ಕೂಗಿ, ನನ್ನದೇ ದನಿ ಕತ್ತಲೆಯಿಂದ ನನಗಿಂತ ದೊಡ್ಡದಾಗಿ ತಿರುಗಿ ಬಂದಾಗ, ಹೆದರಿ ಕಂಬ ತಬ್ಬಿಕೊಂಡಿದ್ದೆ. ಅವತ್ತು ಮತ್ತೆ ಹಾಗಾಯಿತು. ತಬ್ಬಲು ಕಂಬ ಮಾತ್ರ ಇರಲಿಲ್ಲ. ಐವತ್ತರ ಮೇಲಿನ, ಬಡಕಲು ಮೈಯ ಹೆಂಗಸು. ಸೀರೆಯ ಅಂಚು ಮಾಸಿತ್ತು. ಬಾಯಿ ತೆರೆದರೋ ಇಲ್ಲವೋ ತಿಳಿಯದಂತೆ ಒಂದು ಸ್ವರ ನೆಲದಿಂದೆದ್ದಿತು. ನಮ್ಮೂರ ಕುಂಬಾರನ ತಿಗರಿಯ ಮೇಲೆ ಮಣ್ಣಿನ ಮುದ್ದೆ ತಾನಾಗಿಯೇ ಎದ್ದು ಗಡಿಗೆಯ ಕಂಠವಾಗುವುದನ್ನು ನೋಡಿದ್ದೀರಾ? ಹಾಗೆ ಎದ್ದಿತು, ತೆಳ್ಳಗಾಯಿತು, ಇನ್ನು ಹರಿದೇಹೋಯಿತು ಎನ್ನುವಲ್ಲಿ ಅರಳಿತು. ವಕೀಲರ ಗಂಡು ಹಾಗೇ ಅರ್ಧಕ್ಕೆ ನಿಂತ. ರುಮಾಲಿನವರಿಗೆ ಬಂದ ಸೀನು ಎತ್ತ ಹೋಯಿತೋ! ಮಾವ ಎಡಗಿವಿಯನ್ನು ಮುಂದೆ ಚಾಚಿ, ಪ್ರಸಾದಕ್ಕೆ ಕೈಯೊಡ್ಡಿದವರಂತೆ ಕೂತಿದ್ದರು. ಬಾವಿಕಟ್ಟೆಯ ಮೇಲೆ ನಾನು ದಿನಾ ಕೇಳಿದ ಅರ್ಧ ಚೀಜು ಅದೇ. ಆದರೆ ನಾನು ಕೇಳಿದ್ದು ನದಿಯ ಹೆಸರನ್ನು, ನದಿಯನ್ನಲ್ಲ.

ಆ ಬೆರಗಿನಲ್ಲಿಯೂ ಕಟಕ್ ಮಾತ್ರ ನಿಲ್ಲಲಿಲ್ಲ. ನಿಧಾನವಾಗಿ, ಬಿಟ್ಟು ಬಿಟ್ಟು, ಕಟಕ್. ತಬಲಾದವನೂ ಸಾವುಕಾರರ ಕಡೆಗೆ ನೋಡಿ ತಲೆ ಅಲ್ಲಾಡಿಸುತ್ತಿದ್ದ. ಪಾಪ, ಬೇಸತ್ತಿರಬೇಕು ಎಂದುಕೊಂಡೆ. ನನ್ನ ಕರ್ತವ್ಯಬುದ್ಧಿ ಕುದಿಯತೊಡಗಿತು. ಬಾಯಿಯವರು ಒಮ್ಮೆ ಕಣ್ಣು ಮುಚ್ಚಿ, ಉಸಿರು ತೆಗೆದುಕೊಂಡರು. ಮಾವನ ಬೆರಳು ನನ್ನ ಮೊಣಕಾಲನ್ನು ಒತ್ತಿತು. ಅಂತರಾ! ಅದೇ ಗಳಿಗೆಗೆ ಸಾವುಕಾರರು ಹೊಸ ಅಡಿಕೆಯನ್ನು ಅಡಕೊತ್ತಿಗೆ ಕೊಟ್ಟರು. ನಾನು ಇನ್ನು ತಡೆಯಲಾರದೆ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ,

“ಶ್ಶ್ಶ್ಶ್!” ಎಂದೆ.

ಎಂಥ ಶ್ಶ್ ಅದು! ಸ್ಟೇಶನ್ನಿನ ಇಂಜಿನ್ನು ಮಹಡಿ ಹತ್ತಿ ಬಂದಂತಿತ್ತು. ನನ್ನ ಬಾಯಿಗೂ ಮಾವನ ಎಡಗಿವಿಗೂ ನಡುವೆ ಇದ್ದದ್ದು ಒಂದು ಗೇಣು. ಇಡೀ ಮಹಡಿ ತಿರುಗಿ ನನ್ನನ್ನು ನೋಡಿತು. ಮೂಲೆಯ ರುಮಾಲಿನವರು, “ಯಾರ್ರಿ ಅಂವಾ, ಹಾಡಗೊಡವಲ್ಲಾ!” ಎಂದರು. ಬಾಯಿಯವರು ಮಾತ್ರ ನನ್ನ ಕಡೆ ನೋಡಲೂ ಇಲ್ಲ. ಅಂತರಾ ಹೇಳಿ, ಮೊದಲಿನ ಸಾಲಿಗೆ ಬಂದು ಇಳಿದರು. ಎಲ್ಲರೂ “ಆಹಾ” ಎಂದರು. ಮಾವ ಅನ್ನಲಿಲ್ಲ. ಕಿವಿಯಲ್ಲಿ ಬೆರಳಿಟ್ಟು ಅಲ್ಲಾಡಿಸುತ್ತಿದ್ದರು.

“ಗುಂಯ್ ಅಂತದ, ವಾಸೂ” ಎಂದರು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಧ್ಯಾಹ್ನದ ರೈಲಿನಲ್ಲಿ ನಮ್ಮೆದುರಿಗೆ ಬಂದು ಕೂತವರು ಅದೇ ಬಸವಂತಪ್ಪನವರು. ಹಲಸಿಯ ತಂಗಿಯ ಮನೆಗೆ ಹೊರಟಿದ್ದರಂತೆ, ನಮ್ಮೂರಲ್ಲಿಯೇ ಇಳಿಯುವವರು. ನಾನು ಕಿಡಕಿಯ ಹೊರಗೆ ಮುಖ ಹಾಕಿದೆ. ಅವರು ಎಂದಿನಂತೆ ಅಡಕೊತ್ತು ತೆಗೆದರು. ಕಟಕ್. ಹಾಗೇ, ತಮಗೇ ಗೊತ್ತಿಲ್ಲದಂತೆ, ಏನೋ ಗುಣುಗುಣಿಸತೊಡಗಿದರು. ಮಾವ ನೆಟ್ಟಗಾದರು.

“ಸಾವ್ಕಾರ್ರ, ಏನದು?”

“ಯಾವುದ್ರಿ? ಮುಂಜಾನೆ ಆ ತಾಯಿ ಅಂದದ್ದರೀ. ನಾಲಿಗಿಗೆ ಅಂಟಿಕೊಂಡು ಬಿಡವಲ್ದು.”

“ಇನ್ನೊಮ್ಮೆ ಅನ್ರಿ. ಈ ಕಿವಿ ಕಡೆ ಬಂದು ಅನ್ರಿ.”

ಮೆಣಸಿನಕಾಯಿ ಸಾವುಕಾರರ ಒಡಕು ದನಿ ರೈಲಿನ ಗದ್ದಲದಲ್ಲಿ ಅಂತರಾವನ್ನು ಅಂದಿತು. ಮಾವ ತಮ್ಮ ಮೂವತ್ತು ವರ್ಷದ ಅರ್ಧವನ್ನು ಹಾಡಿದರು. ಬಸವಂತಪ್ಪನವರು ಉಳಿದರ್ಧ ಕೂಡಿಸಿದರು. ಬಾಗಿಲಿಗೆ ಚಿಲಕ ಬಿದ್ದ ಹಾಗೆ ಎರಡೂ ಕೂಡಿದವು. ಮಾವ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು, “ನೀವು ಯಾರ ಹತ್ರ ಕಲ್ತೀರಿ?” ಎಂದರು.

“ನಾ ಎಲ್ಲಿ ಕಲೀಲ್ರಿ! ಕೈ ಖಾಲಿ ಇದ್ರ ಮನಸು ಅಂಗಡಿಗೆ ಓಡತೈತಿ. ಅದಕ್ಕ ಕೈಯಾಗ ಅಡಕೊತ್ತು ಕೊಡತೀನಿ. ಆಮ್ಯಾಲ ಕಿವಿ ಎಲ್ಲೂ ಹೋಗೂದಿಲ್ಲ. ನಡುವ ಯಾವನೋ ಹಾವಿನಂಗ ಬುಸ್ ಅಂದ ನೋಡ್ರಿ, ಆದ್ರೂ ಅಲುಗಾಡಲಿಲ್ಲ.”

“ವಾಸೂ,” ಎಂದರು ಮಾವ, “ಇವರ ಕಟಕ್ ಕೇಳಿದ್ಯೋ ಇಲ್ಲೋ? ತಾಳದ ಮೊದಲನೇ ಪೆಟ್ಟು ಒಂದೂ ತಪ್ಪಲಿಲ್ಲ. ತಬಲಜಿ ಅದಕ್ಕ ತಲಿ ದೂಗತಿದ್ದ.”

ನಾನು ಕೇಳಿರಲಿಲ್ಲ. ಆ ಮಹಡಿಯ ಮೇಲೆ ಸೀನುವವರೂ, ವಕೀಲರೂ, ಅಡಿಕೆಯವರೂ ಕೇಳಿದ ಅಂತರಾವನ್ನು ಕೇಳದೆ ಬಂದವರು ಇಬ್ಬರೇ: ಒಬ್ಬರು ನಮ್ಮ ಮಾವ, ಇನ್ನೊಬ್ಬ ಅವರ ಕಾವಲುಗಾರ.

ಈಗ ಬಾವಿಕಟ್ಟೆಯ ಮೇಲೆ ಚೀಜು ಪೂರ್ತಿಯಾಗುತ್ತದೆ. ಮಾಮಿ ಚಹಾ ಎರಡು ಸಲ ಬಿಸಿ ಮಾಡುತ್ತಾರೆ. ಬೆಳಗಾವಿಯಲ್ಲಿ ಬೈಠಕ್ ಆದರೆ ಮಾವ ಇಂದಿಗೂ ನನ್ನನ್ನು ಬಿಟ್ಟು ಹೋಗುವುದಿಲ್ಲ, ದೊಡ್ಡ ಮನಸ್ಸು. ಎಡಕ್ಕೆ ಬಸವಂತಪ್ಪನವರನ್ನು ಅಡಕೊತ್ತಿನ ಸಮೇತ ಕೂಡಿಸಿಕೊಳ್ಳುತ್ತಾರೆ. ನನಗೆ ಮಾತ್ರ ಜಾಗ ಬಲಕ್ಕೆ.