ಮಾವನ ಮೋಡಗಳಿಗೊಂದು ಡಬ್ಬಿ

ಈಗ ಎಲ್ಲರೂ ತಮ್ಮ ಫೋಟೋಗಳನ್ನು 'ಕ್ಲೌಡ್' ಎಂಬ ಮೋಡದಲ್ಲಿ ಇಡುತ್ತಾರಂತೆ. ನಮ್ಮ ಮಾವ ಅದಕ್ಕೂ ಎಷ್ಟೋ ವರ್ಷ ಮುಂಚೆ ಮೋಡಗಳನ್ನೇ ಹಿಡಿದು ಡಬ್ಬಿಯಲ್ಲಿ ಇಟ್ಟವರು! ನಂಬದಿದ್ದರೆ ಬಿಡಿ. ಆ ಡಬ್ಬಿ ಹುಡುಕಲು ಅವರ ಜೊತೆ ಹುಣಸೂರಿಗೆ ಮೂರು ಸಲ ಅಲೆದವಳು ನಾನು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಬೆಟ್ಟದಪುರದ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವವರು. ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಮನೆಗೆ ಬ್ಯಾರನ್ ಎನ್ನುತ್ತಾರೆ; ಅದರ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಒಳಗಿನ ಬಿಸಿ ಎಷ್ಟೆಂದು ಹೇಳುತ್ತಿದ್ದರು. ಆಮೇಲೆ ಥರ್ಮಾಮೀಟರು ನೋಡಿದರೆ ಸರಿಯಾಗಿ ಅಷ್ಟೇ! ಎಂದಾದರೂ ವ್ಯತ್ಯಾಸ ಬಂದರೆ ಊರವರು ಥರ್ಮಾಮೀಟರನ್ನು ಬದಲಾಯಿಸುತ್ತಿದ್ದರು, ಮಾವನನ್ನಲ್ಲ.

ಇಂಥ ಮನುಷ್ಯನ ಕೈಗೆ ನಮ್ಮಪ್ಪ ಒಂದು ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದೇ ತಪ್ಪಾಯಿತು. ಮಾವ ಮನುಷ್ಯರ ಫೋಟೋ ತೆಗೆಯಲೇ ಇಲ್ಲ. ದಿನವೂ ಸಂಜೆ ಬ್ಯಾರನ್ನಿನ ಮೆಟ್ಟಿಲ ಮೇಲೆ ಕೂತು, ಬೆಟ್ಟದ ನೆತ್ತಿಯ ಮೇಲೆ ತೇಲಿಬರುವ ಮೋಡಗಳನ್ನು ತೆಗೆಯತೊಡಗಿದರು. ಪಿರಿಯಾಪಟ್ಟಣದಲ್ಲಿ ಯಾವುದೋ ಡಿಟಿಪಿ ಅಂಗಡಿ ಮುಚ್ಚಿದಾಗ ಅಲ್ಲಿನ ಹಳೇ ಕಂಪ್ಯೂಟರನ್ನು ಎತ್ತಿನಗಾಡಿಯಲ್ಲಿ ಹುಲ್ಲು ಹಾಸಿ ಮನೆಗೆ ತಂದರು. ಮೋಡಗಳೆಲ್ಲ ಅದರೊಳಗೆ ಹೋದವು. ಮಾವನ ಕಾಫಿ ತಟ್ಟೆಯಲ್ಲಿ ಆರುತ್ತಿತ್ತು; ಮಾವ ಪರದೆಯ ಮುಂದೆ ಬಾಯಿ ತೆರೆದುಕೊಂಡು ಆಕಾಶದಲ್ಲಿರುತ್ತಿದ್ದರು.

ಮೂರು ವರ್ಷಕ್ಕೆ ಕಂಪ್ಯೂಟರು ಹೊಸ ಫೋಟೋ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕೆ.ಆರ್. ನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನಗೆ ಅತ್ತೆಯ ಫೋನು ಬಂತು.

"ಮೋಡ ತುಂಬೋಗದೆ ಕಣವ್ವಾ! ಇನ್ನು ಒಂದೂ ಇಡಿಸಲ್ವಂತೆ. ಬಂದು ನಿಮ್ಮಾವುಂಗೆ ಬುದ್ಧಿ ಯೋಳು."

ಹೋಗಿ, "ಒಂದಷ್ಟು ಅಳಿಸಿ ಮಾವ" ಎಂದೆ.

ಮಾವ ನನ್ನನ್ನು ಕಟುಕರನ್ನು ನೋಡುವಂತೆ ನೋಡಿದರು. "ಯಾವ್ದು ಅಳಿಸ್ಲಿ? ನೀನೇ ಯೋಳು ಮಗಾ. ಇವ್ರಲ್ಲಿ ಯಾರಾದ್ರೂ ತಿರುಗಾ ಬತ್ತಾರಾ?"

"ಹಾಗಾದರೆ ಸಿ.ಡಿ.ಗೆ ಹಾಕೋಣ."

"ಹಾಕಿದ್ದೆ ಕಣವ್ವಾ, ನಲವತ್ತು ಸಿ.ಡಿ. ಎಲ್ಲಿ ಅವೆ ಅಂತ ನಿಮ್ಮತ್ತೇನ ಕೇಳು!"

ಅತ್ತೆ ಅಡುಗೆಮನೆಯಿಂದಲೇ ಹಿತ್ತಲಿನ ಕಡೆ ಕೈತೋರಿಸಿದರು. ಹೋಗಿ ನೋಡಿದರೆ, ಅವರೆ ಚಪ್ಪರದ ತುಂಬ ಮಾವನ ಮೋಡಗಳು ದಾರದಲ್ಲಿ ನೇತಾಡುತ್ತ, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು! ಗೀರು ಬಿದ್ದು, ಒಂದನ್ನೂ ಕಂಪ್ಯೂಟರು ಓದುವಂತಿರಲಿಲ್ಲ.

"ಗಿಣಿ ಕಾಟ ತಪ್ತು. ಇವ್ರ ಮೋಡದಿಂದ ಒಂದಾದ್ರೂ ಉಪ್ಯೋಗ ಆಯ್ತಲ್ಲ" ಎಂದರು ಅತ್ತೆ. ಅವರಿಗೆ ಮೋಡಗಳ ಮೇಲೆ ಇದ್ದ ಗೌರವ ಅಷ್ಟು. ನಾನು ಕಂಡಂತೆ ಅವರು ಒಮ್ಮೆಯೂ ಆ ಪರದೆಯ ಮುಂದೆ ಕೂತವರಲ್ಲ.

ಹೀಗೆ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನ ಯೋಗ ಕೂಡಿಬಂತು. ಹುಣಸೂರಿನಲ್ಲಿ ಕಂಪ್ಯೂಟರ್ ಸಾಮಾನೂ ಪೆನ್ನು-ಪುಸ್ತಕವೂ ಮಾರುವ ಅಂಗಡಿಯಾಕೆ ಮೊದಲು ಟೈಪಿಂಗ್ ಕಲಿಸುತ್ತಿದ್ದವರು, ತಾಳ್ಮೆಗೆ ಹೆಸರಾದವರು. ಪಾಪ, ಅವರಿಗೆ ನಮ್ಮ ಮಾವ ಗೊತ್ತಿರಲಿಲ್ಲ.

ಅವರು ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದರು. ಅಂಗೈಯಗಲದ ಚಿಕ್ಕ ಡಿಸ್ಕು. ಕಂಪ್ಯೂಟರಿನಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. ಇಟ್ಟಿಗೆಯಂಥ ದೊಡ್ಡದು, ಅದಕ್ಕೆ ಬೇರೆ ಅಡಾಪ್ಟರು ಬೇಕು, ಆದರೆ ಜಾಗ ಹೆಚ್ಚು. ಡಿಸ್ಕನ್ನೂ ಅದರ ಕೇಸನ್ನೂ ಬೇರೆಬೇರೆಯಾಗಿ ಕೊಂಡು ನಾವೇ ಜೋಡಿಸಿಕೊಳ್ಳಲೂಬಹುದು. ಕೇಸಿನಲ್ಲೇ ಮೂರು ಬಗೆ: ಪ್ಲಾಸ್ಟಿಕ್ಕಿನದು, ಅಲ್ಯೂಮಿನಿಯಮ್ಮಿನದು, ಫ್ಯಾನು ಇರುವುದು.

ಮಾವ ಕೇಳಿದ್ದು ಒಂದೇ ಪ್ರಶ್ನೆ. "ಬಿಸಿ ಎಲ್ಲಿಂದ ಆಚೆ ಓಯ್ತದೆ?"

"ಅಷ್ಟೇನೂ ಬಿಸಿ ಆಗಲ್ಲ ಸಾರ್."

"ಒಳಗೆ ಗಿರಗಿರ ತಿರುಗ್ತದೆ ಅಂತೀರಿ, ಬಿಸಿ ಆಗಲ್ಲ ಅಂತೀರಿ! ಓಡ್ಸಿ ತೋರ್ಸಿ."

ಓಡಿಸಿದರು. ಮಾವ ಸ್ಟೂಲೊಂದನ್ನು ಎಳೆದುಕೊಂಡು, ಪ್ಲಾಸ್ಟಿಕ್ ಕೇಸಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದರು. ಐದು ನಿಮಿಷವಾಯಿತು. ಹತ್ತಾಯಿತು. ಮುಖದ ಮೇಲೆ ತೆಳುವಾದ ನಗೆಯೊಂದು ಹರಡಿತು. ಧ್ಯಾನವೆಂದುಕೊಂಡ ಅಂಗಡಿಯಾಕೆ ರೇಡಿಯೋ ಸಣ್ಣ ಮಾಡಿದರು. ಪೆನ್ನು ಕೊಳ್ಳಲು ಬಂದವರೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು! ಆಗ ಗೊರಕೆ ಕೇಳಿಸಿತು.

ಮುಕ್ಕಾಲು ಗಂಟೆಯ ಮೇಲೆ ಎಚ್ಚೆತ್ತು ಮಾವ ತೀರ್ಪು ಕೊಟ್ಟರು. "ಇದಕ್ಕೆ ಜ್ವರ ಬತ್ತದೆ. ಬ್ಯಾಡ ಬುಡಿ."

ಎರಡನೇ ಸಲ ಹೋದಾಗ ಫ್ಯಾನಿನ ಕೇಸಿನ ಸರದಿ. ಮಾವ ಅದಕ್ಕೆ ಕಿವಿಯಿಟ್ಟು ಕೇಳಿದರು. "ಫ್ಯಾನು ಕೆಟ್ಟೋದ್ ದಿನ ಇದ್ರ ಗತಿ ಏನು? ನಮ್ಮ ಬ್ಯಾರನ್ನಿಗೆ ಫ್ಯಾನ್ ಅದಾ? ಮೇಲೆ ಕಿಂಡಿ ಬುಟ್ರೆ ಬಿಸಿ ತಾನೇ ಓಯ್ತದೆ ಕಣ್ರೀ."

ಅಂಗಡಿಯಾಕೆ ಬಳಲಿದ ದನಿಯಲ್ಲಿ, "ಸಾರ್, ನೀವು ಡಬ್ಬಿ ನೋಡ್ತಿದೀರೋ, ಮಗಳಿಗೆ ಗಂಡು ನೋಡ್ತಿದೀರೋ?" ಎಂದರು.

"ಗಂಡಾದ್ರೆ ಇಷ್ಟು ನೋಡ್ತಿರ್ಲಿಲ್ಲ ಬುಡಿ. ಅವ್ನು ಬಾಯಿ ಬುಟ್ಟು ಯೋಳ್ತಾನೆ. ಇದು ಯೋಳಲ್ಲ."

ಮೂರನೇ ಸಲ ಅಲ್ಯೂಮಿನಿಯಮ್ಮಿನ ಕೇಸು, ಬೇರೆಯಾಗಿ ಕೊಂಡ ದೊಡ್ಡ ಡಿಸ್ಕು, ಎರಡೂ ಗೆದ್ದವು. ಬೇರೆಬೇರೆ ಏಕೆಂದು ಕೇಳಿದ್ದಕ್ಕೆ ಮಾವ ವಿವರಿಸಿದರು: "ಡಿಸ್ಕು ಒಕ್ಕಲು, ಕೇಸು ಮನೆ. ಮನೆ ಸೋರಿದ್ರೆ ಒಕ್ಕಲು ಇನ್ನೊಂದು ಮನೆಗೆ ಓಯ್ತಾನೆ." ಕಾಲೇಜಿನಲ್ಲಿ ನಾನು ಅರ್ಧ ಗಂಟೆ ಹೇಳುತ್ತಿದ್ದ ಪಾಠ ಅದು. ಮರುದಿನದಿಂದ ನಾನೂ ಹಾಗೆಯೇ ಹೇಳತೊಡಗಿದೆ. ಬಸ್ಸಿನಲ್ಲಿ ಮಾವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪ್ರತಿ ಹಳ್ಳಕ್ಕೂ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದರು.

ಮನೆಯಲ್ಲಿ ಸ್ಕ್ರೂಗಳನ್ನು ತಾವೇ ಬಿಗಿದರು. ಆ ಹಳೇ ಕಂಪ್ಯೂಟರಿನ ವೇಗವೋ, ಕೇಳಬೇಡಿ! ಮೋಡಗಳನ್ನು ಸಾಗಿಸಲು ಎರಡು ಹಗಲು ಬೇಕಾಯಿತು. ಪರದೆಯ ಮೇಲೆ ಒಂದೊಂದೇ ಹಾಳೆಯ ಚಿತ್ರ ಹಾರಿ ಆ ಕಡೆ ಹೋಗುವುದನ್ನು ಮಾವ ಊಟ ಮರೆತು ನೋಡಿದರು. ನಡುವೆ ಅತ್ತೆ ಬಂದು, ಧೂಳು ಬೀಳದಿರಲೆಂದು ಕಸೂತಿ ಹಾಕಿದ ದಪ್ಪ ಬಟ್ಟೆಯೊಂದನ್ನು ಡಬ್ಬಿಗೆ ಹೊದ್ದಿಸಿದರು.

"ಅಯ್ಯೋ, ಕಂಬಳಿ ಒದ್ದಿಸ್ತಾಳಲ್ಲಪ್ಪಾ! ಉಸುರು ಕಟ್ತದೆ ಕಣೇ!"

"ಓಗ್ಲಿ ಬುಡಿ, ನಿಮ್ಮ ಡಬ್ಬಿಗೆ ಒಂದು ಪಾಯಸ ಮಾಡಿ ಕುಡಿಸ್ತೀನಿ" ಎಂದು ಅತ್ತೆ ಬಟ್ಟೆಯನ್ನು ಎಳೆದುಕೊಂಡು ಹೋದರು.

ಎಲ್ಲ ಸಾಗಿದ ಮೇಲೆ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದೆವು. ಹೊಸ ಮೋಡಗಳಿಗೆ ಜಾಗವಾಯಿತು. ಒಂದು ಪೂರ್ತಿ ವರ್ಷ ಡಬ್ಬಿ ತಣ್ಣಗೆ ದುಡಿಯಿತು. ತಿಂಗಳ ಕೊನೆಗೊಮ್ಮೆ ಮಾವ ಕಂಪ್ಯೂಟರಿನಲ್ಲಿದ್ದ ಮೋಡಗಳನ್ನು ಡಬ್ಬಿಗೆ ಸಾಗಿಸಿ, ಈ ಕಡೆಯದನ್ನು ಅಳಿಸುತ್ತಿದ್ದರು. ಆಗಾಗ ಅದರ ಬೆನ್ನು ಮುಟ್ಟಿ, "ನೋಡು, ಬೆವರೂ ಇಲ್ಲ" ಎಂದು ಬೀಗುತ್ತಿದ್ದರು.

ಮರುವರ್ಷ ಮೊದಲ ಮಳೆಗೆ ಮುಂಚೆ, ಒಂದು ಮಧ್ಯಾಹ್ನ ಬೆಟ್ಟದ ಹಿಂದಿನಿಂದ ಅದುವರೆಗೆ ಕಾಣದಂಥ ಮೋಡವೊಂದು ಎದ್ದಿತು. ಮೋಡಗಳನ್ನು ಡಬ್ಬಿಗೆ ಸಾಗಿಸುತ್ತಿದ್ದ ಮಾವ ಎಲ್ಲವನ್ನೂ ಹಾಗೇ ಬಿಟ್ಟು, ಕ್ಯಾಮೆರಾ ಹಿಡಿದು ಹೊರಗೆ ಓಡಿದರು. ಬಿಸಿಗೆ ಎಲ್ಲ ಏರ್ಪಾಡೂ ಮಾಡಿದ್ದ ಮನುಷ್ಯ ಸಿಡಿಲನ್ನು ಮರೆತಿದ್ದರು. ಅದು ಬೀದಿಯ ಕಂಬಕ್ಕೆ ಬಡಿಯಿತು. ತಂತಿಯಲ್ಲಿ ಇಳಿದು ಬಂದು ಕಂಪ್ಯೂಟರನ್ನೂ ಡಬ್ಬಿಯನ್ನೂ ಒಟ್ಟಿಗೆ ಸುಟ್ಟಿತು.

ಮರುದಿನ ನಾನು ಹೋಗಿ ಡಿಸ್ಕನ್ನು ಬಿಚ್ಚಿ, ನನ್ನ ಜೊತೆ ಒಯ್ದಿದ್ದ ಬೇರೆ ಕೇಸಿಗೆ ಹಾಕಿ, ಕಾಲೇಜಿನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಸದ್ದೇ ಇಲ್ಲ. ಮಾವ ಅದರ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಇಟ್ಟುಕೊಂಡಿದ್ದರು. ಆಮೇಲೆ ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಬೆಟ್ಟದ ಕಡೆ ತಿರುಗಿ ನೋಡಲಿಲ್ಲ. ನೆಲ ನೋಡುತ್ತ ಕೂತರು.

ಅತ್ತೆ ಈಗ ಏನಾದರೂ ಅಂದುಬಿಡುತ್ತಾರೆಂದು ನನಗೆ ಭಯವಾಯಿತು. ಅವರು ಕೈ ಒರೆಸಿಕೊಳ್ಳುತ್ತ ಬಂದು ಮಾವನ ಪಕ್ಕ ಕೂತರು. ಯಾರಿಗೂ ಅಲ್ಲವೆಂಬಂತೆ ಹೇಳಿದರು:

"ಕ್ಯಾಮೆರಾ ಬಂದ್ ಮೂರ್ನೇ ದಿನ, ಬೆಟ್ಟಕ್ಕೆ ಮುಂಡಾಸು ಕಟ್ದಂಗೆ ಒಂದು ನಿಂತಿತ್ತಲ್ಲ. ತುದಿ ಬಿಚ್ಕೊಂಡು ಸಾಲಿಗ್ರಾಮದ ಕಡೆ ಓಯ್ತು."

ಮಾವ ತಲೆಯೆತ್ತಿದರು. "ನೀನು ಯಾವಾಗ ನೋಡ್ದೆ?"

"ಅಡುಗೆಮನೆ ಕಿಟಕೀಲಿ ಆಕಾಸ ಕಾಣಲ್ವಾ?" ಎಂದರು ಅತ್ತೆ. "ನೀವು ಮೆಟ್ಲತ್ರ ಕುಂತಾಗೆಲ್ಲ ನಾನೂ ನೋಡ್ತಿದ್ದೆ. ಆಮೇಲೆ ರಾಗಿ ಕುಯ್ಲಲ್ಲಿ ಒಂದು ಬಂತು, ಹತ್ತಿ ಬಿಡಿಸಿ ಒಣಗಾಕ್ದಂಗೆ, ಸಣ್ಸಣ್ಣದು. ನೀವು ಅದುನ್ನ ತೆಗೀಲಿಲ್ಲ. ಅವತ್ತು ನಿಮಗೆ ಚಳಿಜ್ವರ."

"ತೆಗೀಲಿಲ್ವಾ?"

"ಇಲ್ಲ. ನಾನು ನೋಡಿವ್ನಿ ಬುಡಿ. ಯೋಳ್ತೀನಿ ಕೇಳಿ."

ಮಾವ ಅವರ ಕಡೆಗೆ ತಿರುಗಿ, ಕಾಲು ಮಡಿಸಿ ಕೂತರು. ಕಣ್ಣು ಮುಚ್ಚಿದರು. ಅತ್ತೆ ಒಂದೊಂದೇ ಮೋಡ ಹೇಳುತ್ತ ಹೋದರು. ಬೆಂಗಳೂರಿನಲ್ಲಿ ಕೆಟ್ಟ ಡಿಸ್ಕುಗಳಿಂದಲೂ ಫೋಟೋ ತೆಗೆದುಕೊಡುವವರಿದ್ದಾರೆ, ಒಮ್ಮೆ ಕೇಳಿ ನೋಡೋಣ ಎಂದು ಹೇಳಲು ನಾನು ಬಾಯಿ ತೆರೆದೆ. ಮಾವ ಕಣ್ಣು ತೆರೆಯದೆಯೇ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು.

ಅತ್ತೆ ಇನ್ನೂ ಎರಡನೇ ವರ್ಷದ ಮುಂಗಾರಿನ ಮೋಡಗಳಲ್ಲಿದ್ದರು.