ಗೋಲಿಲ್ಲದ ಭಾನುವಾರದ ಸುಖ

ಖಾಲಿ ಬಕೆಟ್ಟಿಗೆ ನಲ್ಲಿಯ ನೀರು ಬೀಳುವ ಸದ್ದನ್ನು ಕಿವಿಗೊಟ್ಟು ಕೇಳಿದವರು ಕಡಿಮೆ. ಮೊದಲು ನಾಲ್ಕೇ ನಾಲ್ಕು ಹನಿ ಟಣ್ ಟಣ್ ಎನ್ನುತ್ತವೆ, ಬೇಗ ಬಂದು ಒಳ್ಳೆಯ ಜಾಗ ಹಿಡಿಯುವ ಪ್ರೇಕ್ಷಕರ ಹಾಗೆ. ಆಮೇಲೆ ಗುಂಪು ಸೇರುತ್ತದೆ, ಗದ್ದಲ ಏರುತ್ತದೆ, ಕೊನೆಗೆ ಉಳಿಯುವುದು ಒಂದೇ ಒಂದು ತುಂಬಿದ ಮೊರೆತ. ಆ ಬೆಳಿಗ್ಗೆ ಅರೆನಿದ್ದೆಯಲ್ಲಿದ್ದ ಕಾಮೆಂಟರಿ ರಾಯರ ಕಿವಿಗೆ ಬಿದ್ದದ್ದು ಆ ಮೊರೆತವೇ. ಅವರು ಕಣ್ಣು ತೆರೆಯದೆಯೇ ದಿಂಬಿನ ಒಂದು ಮೂಲೆಯನ್ನು ಬಾಯಿಯ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡರು.

"ನಮಸ್ಕಾರ ವೀಕ್ಷಕರೇ, ಇಲ್ಲಿ ಕಾಲಿಡಲು ಜಾಗವಿಲ್ಲ. ತುಂಬಿ ತುಳುಕುತ್ತಿದೆ..."

"ತುಂಬಿದ್ರೆ ನಲ್ಲಿ ನಿಲ್ಸಿ ಬನ್ನಿ!" ಅಡುಗೆಮನೆಯಿಂದ ಹೆಂಡತಿಯ ಕೂಗು ಬಂತು.

ರಾಯರು ದಿಂಬನ್ನು ಕೆಳಗಿಟ್ಟು, ಬಚ್ಚಲುಮನೆಗೆ ಹೋಗಿ ಕ್ರೀಡಾಂಗಣವನ್ನು ತಿರುಗಿಸಿ ನಿಲ್ಲಿಸಿದರು.

ಮೂವತ್ತೊಂದು ವರ್ಷ ಅವರು ಟಿ.ವಿ.ಯಲ್ಲಿ ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆ ಕೊಟ್ಟಿದ್ದರು. ನಿವೃತ್ತರಾಗಿ ಮೂರು ವಾರವಾಗಿತ್ತು. ಕೊನೆಯ ಪಂದ್ಯದ ದಿನ ಇಡೀ ಕ್ರೀಡಾಂಗಣ ಎದ್ದು ನಿಂತು, ಮೇಲಿನ ಗಾಜಿನ ಕೋಣೆಯ ಕಡೆಗೆ ಕೈಬೀಸಿತ್ತು. ರಾಯರ ಹೆಸರು ಮನೆಮಾತಾದದ್ದು ಮಾತಿಗಿಂತ ಹೆಚ್ಚಾಗಿ ಮೌನದಿಂದ. ಗೋಲು ಬಿದ್ದಾಗ ಉಳಿದ ವಿವರಣೆಗಾರರು ಗಂಟಲು ಹರಿಯುವಂತೆ ಅರಚಿದರೆ, ಇವರು "ಗೋಲ್" ಎಂದಷ್ಟೇ ಹೇಳಿ, ಮನಸ್ಸಿನಲ್ಲೇ ಒಂದರಿಂದ ಎಂಟರವರೆಗೆ ಎಣಿಸುತ್ತಿದ್ದರು. ಅಷ್ಟು ಹೊತ್ತು ಜನರ ಸದ್ದಿಗೇ ಮೈಕು ಬಿಟ್ಟುಕೊಡುತ್ತಿದ್ದರು. ಆ ಎಂಟು ಎಣಿಕೆಯ ಮೌನವನ್ನು ಹೊಗಳಿ ಪತ್ರಿಕೆಯೊಂದು ಅರ್ಧ ಪುಟ ಬರೆದಿತ್ತು. (ಮೌನದ ಬಗ್ಗೆ ಅರ್ಧ ಪುಟ ಬರೆಯುವುದು ಹೇಗೆಂದು ರಾಯರಿಗೂ ತಿಳಿದಿರಲಿಲ್ಲ.)

ಊರೆಲ್ಲ ಹೊಗಳಿತು. ಹೊಗಳದೆ ಉಳಿದವಳು ಹೆಂಡತಿ ಒಬ್ಬಳೇ. ಅವಳು ಮನೆಯ ಪಡಸಾಲೆಯಲ್ಲಿ, ಟಿ.ವಿ.ಯಿಂದ ಎಂಟು ಅಡಿ ದೂರದಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತು ಊರವರ ಪ್ಯಾಂಟುಗಳನ್ನು ಗಿಡ್ಡ ಮಾಡಿಕೊಡುತ್ತಿದ್ದಳು. ಪ್ರತಿ ಭಾನುವಾರ ಸಂಜೆ ರಾಯರು ಚಪ್ಪಲಿ ಬಿಡುವ ಮೊದಲೇ "ಹೇಗಿತ್ತೇ?" ಎಂದು ಕೇಳುವರು. "ಚೆನ್ನಾಗಿತ್ತು ರೀ, ಕೈಕಾಲು ತೊಳ್ಕೊಂಡು ಬನ್ನಿ" ಎಂಬ ಉತ್ತರ ಬರುವುದು. ಮೂವತ್ತೊಂದು ವರ್ಷವೂ ಅದೇ ಉತ್ತರ. ಅದರಲ್ಲಿ ವಿಮರ್ಶೆ ಎಷ್ಟು, ನೈರ್ಮಲ್ಯ ಎಷ್ಟು ಎಂದು ಅವರಿಗೆ ಎಂದೂ ಬಗೆಹರಿಯಲಿಲ್ಲ. ಲಕ್ಷ ಜನ ಕೇಳಿದ ಧ್ವನಿಯ ಬಗ್ಗೆ ಈ ಒಬ್ಬಳ ಬಾಯಿಂದ ಒಂದೇ ಒಂದು ಸರಿಯಾದ ಮಾತು ಕೇಳಬೇಕು, ನಿವೃತ್ತಿಯ ಮೇಲೆ ಅವರಿಗಿದ್ದ ಆಸೆ ಅಷ್ಟೇ.

ಆ ಆಸೆ ಹೊತ್ತು ಮನೆಗೆ ಬಂದವರು ಮೂರು ವಾರ ಮಾಡಿದ್ದೇನು? ಮಾತಾಡಿದರು. ಹೆಂಡತಿ ಸೂಜಿಗೆ ದಾರ ಪೋಣಿಸಿದರೆ "ಕಿರಿದಾದ ದಾರಿ, ನಡುಗದ ಕೈ, ಮೊದಲ ಪ್ರಯತ್ನ ವಿಫಲ" ಎಂದರು. ಪಕ್ಕದ ಮನೆಯ ಔಷಧಿ ಅಂಗಡಿಯವರು ಸ್ಕೂಟರ್ ಹೊರಗೆಳೆದರೆ ಕಿಟಕಿಯಲ್ಲಿ ನಿಂತು, ಅವರು ಎಡಕ್ಕೆ ತಿರುಗುತ್ತಾರೋ ಬಲಕ್ಕೋ ಎಂದು ಪಿಸುದನಿಯಲ್ಲಿ ಕುತೂಹಲ ಕೆರಳಿಸಿದರು. ಒಲೆಯ ಮೇಲಿನ ಹಾಲಿನ ಪ್ರಸಂಗವಂತೂ ಮರೆಯುವಂಥದ್ದಲ್ಲ.

"ಅಂಚಿಗೆ ಬಂದಿದೆ. ಬಿಳಿಯ ದಂಡು ಸದ್ದಿಲ್ಲದೆ ಮೇಲೇರುತ್ತಿದೆ. ತಡೆಯುವವರು ಯಾರೂ ಕಾಣುತ್ತಿಲ್ಲ, ವೀಕ್ಷಕರೇ. ಇನ್ನೊಂದು ಕ್ಷಣ... ಓ!"

ಹೆಂಡತಿ ಓಡಿ ಬರುವಷ್ಟರಲ್ಲಿ ಹಾಲು ಒಲೆಯನ್ನು ದಾಟಿ ಕಟ್ಟೆಯಿಂದ ಕೆಳಗಿಳಿದಿತ್ತು.

"ಕಣ್ಣೆದುರಿಗೇ ಉಕ್ತಾ ಇತ್ತಲ್ರೀ! ಒಲೆ ಆರಿಸೋಕೆ ಏನಾಗಿತ್ತು ನಿಮಗೆ?"

"ಅದು ಹಾಗಲ್ಲ ಕಣೇ. ನಾನು ಯಾವತ್ತೂ ಯಾರ ಕಡೆಗೂ ಇಲ್ಲ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೂವತ್ತೊಂದು ವರ್ಷದ ಕಸುಬು ಅವರಿಗೆ ನೋಡುವುದನ್ನು ಕಲಿಸಿತ್ತು, ಹೇಳುವುದನ್ನು ಕಲಿಸಿತ್ತು. ಅಂಗಳಕ್ಕೆ ಇಳಿಯುವುದನ್ನು ಕಲಿಸಿರಲಿಲ್ಲ. ಹೆಂಡತಿಗೆ ಈ ಸೂಕ್ಷ್ಮ ತಿಳಿಯಲಿಲ್ಲ. ಒರೆಸುವ ಬಟ್ಟೆಯನ್ನು ಅವರ ಕೈಗಿಟ್ಟು, "ಇವತ್ತಿನಿಂದ ಮನೇಲಿ ಕಾಮೆಂಟರಿ ಬಂದ್" ಎಂದು ಸಾರಿದಳು.

ರಾಯರು ಬಾಯಿ ಮುಚ್ಚಿದರು. ಮನೆ ತಣ್ಣಗಾಯಿತು. ಆದರೆ ಒಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಭಾನುವಾರ ಬಂದರೆ ಸಾಕು, ಹೆಂಡತಿಗೆ ಏನೋ ಕಸಿವಿಸಿ. ಮಧ್ಯಾಹ್ನ ಟಿ.ವಿ. ಹಾಕುತ್ತಾಳೆ, ಹೊಸ ವಿವರಣೆಗಾರನ ಧ್ವನಿ ಕೇಳುತ್ತಲೇ ಮುಖ ಸಿಂಡರಿಸುತ್ತಾಳೆ, ಸೋಫಾದ ಮೇಲೆ ಆ ಕಡೆ ಈ ಕಡೆ ಹೊರಳುತ್ತಾಳೆ, ಎದ್ದು ಹೋಗುತ್ತಾಳೆ. ಸೋಮವಾರ ಕಣ್ಣು ಕೆಂಪು. ಅಂಥ ಒಂದು ಸೋಮವಾರ ಬಡ ಗುಮಾಸ್ತನೊಬ್ಬನ ಅಂಗಿಯ ಎರಡು ತೋಳನ್ನೂ ಒಂದೇ ಕಡೆಗೆ ಹೊಲಿದಿಟ್ಟಳು.

ಕಾಮೆಂಟರಿ ಬಂದಾದ ಮೇಲಿನ ಮೂರನೆಯ ಭಾನುವಾರ ಊಟ ಮುಗಿದ ಮೇಲೆ, ತಟ್ಟೆ ತೊಳೆಯುತ್ತ, ತಿರುಗಿ ನೋಡದೆಯೇ ಹೇಳಿದಳು:

"ಇವತ್ತು ಮ್ಯಾಚ್ ಇದೆ ಅಲ್ವಾ? ಆ ಹೊಸಬನ ಮಾತು ನನ್ನ ಕೈಲಿ ಆಗಲ್ಲ. ಟಿ.ವಿ. ಸದ್ದು ತೆಗೆದುಬಿಟ್ಟು ನೀವೇ ಹೇಳಿ."

ರಾಯರಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ನಾನೇ? ನಿನಗಾಗಿ?"

"ಬೇಡ ಅಂದ್ರೆ ಬಿಡಿ."

"ಬೇಡ ಅಂತ ಯಾರಂದ್ರು!"

ಮುಂದಿನ ಅರ್ಧ ಗಂಟೆ ಅವರು ನೆಲದ ಮೇಲೆ ನಡೆಯಲಿಲ್ಲ. ಅಲಮಾರಿಯಿಂದ ರಟ್ಟಿನ ಚೀಟಿಗಳು ಇಳಿದವು. ಒಂದೊಂದರ ಮೇಲೂ ಒಬ್ಬ ಆಟಗಾರನ ನಂಬರು, ಬಲಗಾಲಿನವನೋ ಎಡಗಾಲಿನವನೋ, ಅವನ ತಾಯಿ ಏನು ಕೆಲಸ ಮಾಡುತ್ತಾಳೆ ಎಂಬ ವಿವರ. ಎರಡು ಲೋಟ ಬಿಸಿನೀರು ಸಿದ್ಧವಾಯಿತು. ಮೇಲೆ ಕೋಟು, ಟೈ, ಕೆಳಗೆ ಪೈಜಾಮ. (ಕ್ಯಾಮೆರಾ ಸೊಂಟದಿಂದ ಕೆಳಗೆ ಇಳಿಯುವುದಿಲ್ಲ, ಕಸುಬಿನ ಗುಟ್ಟು.) ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಕುಳಿತಳು. ರಾಯರು ಎಂದಿನಂತೆ ನಿಂತೇ ಇದ್ದರು, ಬರಿಗಾಲಲ್ಲಿ, ಕಣ್ಣು ಮೈದಾನದ ಮೇಲೆ, ಬೆನ್ನು ಹೆಂಡತಿಯ ಕಡೆಗೆ.

"ನಮಸ್ಕಾರ. ಮೈದಾನದ ಮೇಲೆ ಬಿಸಿಲು ಈಗ ತಾನೇ ಒಗೆದು ಹರವಿದ ಬಟ್ಟೆಯಂತೆ ಹರಡಿದೆ. ಗಾಳಿ ಇಲ್ಲ. ಧ್ವಜಗಳು ನಿದ್ದೆಯಲ್ಲಿವೆ. ಹತ್ತನೆಯ ನಂಬರಿನವನು ಚೆಂಡನ್ನು ಒದೆಯುತ್ತಿಲ್ಲ, ನೋಡಿ, ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ. ಚೆಂಡು ತಲೆದೂಗುತ್ತ ಅವನ ಹಿಂದೆ ಹೊರಟಿದೆ..."

ಅಂಥ ಧ್ವನಿ ಅವರಿಗೆ ಕ್ರೀಡಾಂಗಣದಲ್ಲೂ ಬಂದಿರಲಿಲ್ಲ. ಪರದೆಯ ಸಂದಿಯಿಂದ ಇಳಿದ ಬೆಳಕಿನ ಕೋಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಅವರ ಮಾತುಗಳು ಆ ಕಣಗಳ ನಡುವೆ ದಾರಿ ಮಾಡಿಕೊಂಡು, ಹೊಲಿಗೆ ಯಂತ್ರದ ಮೇಲೆ, ಮಡಚಿಟ್ಟ ಪ್ಯಾಂಟುಗಳ ಮೇಲೆ, ಗೋಡೆ ಗಡಿಯಾರದ ಮೇಲೆ ಹಗುರವಾಗಿ ಕೂರುತ್ತಿದ್ದವು. ಹಿಂದಿನಿಂದ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು, ನಿಧಾನವಾಗಿ, ಆಳವಾಗಿ. ಎಷ್ಟು ತಲ್ಲೀನಳಾಗಿದ್ದಾಳೆ ಎಂದು ರಾಯರ ಎದೆ ತುಂಬಿ ಬಂತು. ಮೂವತ್ತೊಂದು ವರ್ಷದ ಮೇಲೆ, ಒಬ್ಬಳೇ ಒಬ್ಬಳು ಪ್ರೇಕ್ಷಕಿಗಾಗಿ, ಇದು.

ಮೊದಲರ್ಧ ಮುಗಿಯಲು ಎರಡು ನಿಮಿಷವಿದೆ ಎನ್ನುವಾಗ ಆ ಹತ್ತನೆಯ ನಂಬರಿನವನು ಮೂವರನ್ನು ದಾಟಿ ಚೆಂಡನ್ನು ಬಲೆಯ ಮೂಲೆಗೆ ಸೇರಿಸಿದ.

"ಗೋಲ್," ಎಂದರು ರಾಯರು. ಸುಮ್ಮನಾದರು. ಒಂದು, ಎರಡು, ಮೂರು, ನಾಲ್ಕು...

"ಯಾಕ್ರೀ ನಿಲ್ಲಿಸಿದ್ರಿ?"

ಗೊರಗೊರ ಧ್ವನಿ. ರಾಯರು ತಿರುಗಿದರು. ಹೆಂಡತಿ ಉದ್ದಕ್ಕೆ ಮಲಗಿದ್ದಳು. ಎಡಗೆನ್ನೆಯ ಮೇಲೆ ಸೋಫಾದ ಬಟ್ಟೆಯ ಹೂವು, ಎಲೆ, ಬಳ್ಳಿ ಸಮೇತ ಅಚ್ಚೊತ್ತಿತ್ತು. ಅಂಥ ಅಚ್ಚು ಎರಡು ನಿಮಿಷದ ನಿದ್ದೆಗೆ ಬೀಳುವುದಿಲ್ಲ.

ವಿರಾಮದಲ್ಲಿ ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು. ಹೆಂಡತಿ ಚಹಾಕ್ಕೆ ನೀರಿಟ್ಟಿದ್ದಳು. ರಾಯರು ಟೈ ಸಡಿಲ ಮಾಡದೆ ಬಾಗಿಲಿಗೆ ಒರಗಿ ನಿಂತಿದ್ದರು.

"ಯಾವಾಗಿನಿಂದ?"

"ಏನು ಯಾವಾಗಿನಿಂದ? ಮದುವೆಯಾದಾಗಿನಿಂದ. ನಿಮ್ಮ ಧ್ವನಿ ಶುರುವಾದ್ರೆ ಐದು ನಿಮಿಷ, ಅಷ್ಟೇ. ವಾರವೆಲ್ಲ ಯಂತ್ರ ತುಳೀತೀನಲ್ಲ, ಅದೊಂದೇ ನನ್ನ ನಿದ್ದೆ."

"ಪ್ರತಿ ಭಾನುವಾರ?"

"ಪ್ರತಿ ಭಾನುವಾರ."

"ಗೋಲು ಬಿದ್ದಾಗಲೂ?"

"ಗೋಲು ಬಿದ್ದಾಗಲೇ ರೀ ತೊಂದರೆ! ನೀವು ಸುಮ್ನಾಗಿಬಿಡ್ತಿದ್ರಿ, ನಂಗೆ ಧಡಕ್ಕನೆ ಎಚ್ಚರ ಆಗೋದು. ಗೋಲೇ ಬೀಳದ ಮ್ಯಾಚ್ ಇತ್ತು ಅಂದ್ರೆ, ಅದರ ಸುಖ ಕೇಳ್ಬೇಡಿ."

ಅರ್ಧ ಪುಟದ ಮೌನ ರಾಯರ ಕಣ್ಣೆದುರು ಪುಡಿಪುಡಿಯಾಯಿತು. "ಒಂದು ಸಲ ಆರು ಗೋಲಾಗಿತ್ತು," ಎಂದರು ಕ್ಷೀಣವಾಗಿ.

"ನೆನಪಿದೆ. ಎರಡು ದಿನ ತಲೆನೋವು."

"ಮತ್ತೆ 'ಚೆನ್ನಾಗಿತ್ತು' ಅಂತಿದ್ದೆಯಲ್ಲೇ!"

"ಚೆನ್ನಾಗೇ ಇರ್ತಿತ್ತು. ಸುಳ್ಳು ಯಾಕೆ ಹೇಳಲಿ?" ಅವಳು ಚಹಾ ಸೋಸಿ ಲೋಟವನ್ನು ಅವರ ಕೈಗೆ ಕೊಟ್ಟಳು. ಆಮೇಲೆ ಸ್ವಲ್ಪ ಮೆತ್ತಗಾದಳು. "ಯಾರು ಗೆದ್ರು ಅಂತ ನಂಗೆ ಗೊತ್ತಾಗ್ತಿರಲಿಲ್ಲ, ನಿಜ. ನೀವು ಹೇಗಿದ್ದೀರಿ ಅಂತ ಗೊತ್ತಾಗ್ತಿತ್ತು. ನೆಗಡಿ ಆಗಿದ್ರೆ, ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಅಂದ್ರೆ, ಮೊದಲ ಮಾತಲ್ಲೇ ತಿಳೀತಿತ್ತು. ಸರಿ, ಕ್ಷೇಮವಾಗಿದ್ದಾರೆ ಅಂತ ಕಣ್ಣು ಮುಚ್ಚಿದ್ರೆ ಮುಗೀತು."

ಇದನ್ನು ಯಾವ ಚೀಟಿಯ ಮೇಲೆ ಬರೆದುಕೊಳ್ಳಬೇಕೆಂದು ರಾಯರಿಗೆ ತೋಚಲಿಲ್ಲ.

"ಒಂದೇ ಒಂದು ಮ್ಯಾಚನ್ನ ಮಾತ್ರ ಪೂರ್ತಿ ಕೇಳಿದೀನಿ," ಎಂದಳು ಅವಳು. "ರೆಪ್ಪೆ ಮುಚ್ಚದೆ."

ಲೋಟ ತುಟಿಯ ಹತ್ತಿರವೇ ನಿಂತಿತು. "ಯಾವುದು?"

"ಇನ್ಯಾವುದು, ನಿಮ್ಮ ಕೊನೇದು. ದಿಂಬು ಹಾಕ್ಕೊಂಡು ಮಲಗಿಯೇ ಇದ್ದೆ. ಆದರೆ ಇನ್ನು ಈ ಪೆಟ್ಟಿಗೆಯಿಂದ ಈ ಧ್ವನಿ ಬರಲ್ಲ ಅನ್ನಿಸ್ತು ನೋಡಿ, ಎದ್ದು ಕೂತುಬಿಟ್ಟೆ. ಒಂದೊಂದು ಮಾತೂ ಕೇಳಿದೆ ರೀ. ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ಇವತ್ತಿನವರೆಗೂ ಆಗಿರಲಿಲ್ಲ. ಅವತ್ತು ನಿಮ್ಮ ಕಾಮೆಂಟರಿ ಕೇಳಿ ನನಗೆ ಏನನ್ನಿಸ್ತು ಅಂದ್ರೆ..."

ಮೂವತ್ತೊಂದು ವರ್ಷ ಕಾದ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳ ಭುಜದಾಚೆ, ತೆರೆದ ಬಾಗಿಲಿನಲ್ಲಿ, ಸದ್ದಿಲ್ಲದ ಟಿ.ವಿ.ಯ ಹಸಿರು ಮೈದಾನ ಕಾಣುತ್ತಿತ್ತು. ಆಟಗಾರರು ತಮ್ಮ ತಮ್ಮ ಜಾಗಕ್ಕೆ ಬಂದಿದ್ದರು. ರೆಫರಿ ಗಡಿಯಾರ ನೋಡಿಕೊಂಡು ಶಿಳ್ಳೆಯನ್ನು ತುಟಿಗಿಟ್ಟುಕೊಂಡ.

"ಹೇಳ್ತಾ ಇರು, ಕೇಳಿಸ್ಕೋತಾ ಇದೀನಿ," ಎಂದ ರಾಯರು ಚಹಾದ ಲೋಟವನ್ನು ಅವಳ ಕೈಗೇ ಮರಳಿಸಿ, ಟೈಯ ಗಂಟು ಮುಟ್ಟಿ ನೋಡಿಕೊಂಡು, ಗಂಟಲು ಸರಿಮಾಡಿಕೊಳ್ಳುತ್ತ ಪಡಸಾಲೆಯ ಕಡೆಗೆ ಹೊರಟೇಬಿಟ್ಟರು.